ಕಲ್ಯಾಣ ಎಂದು ಹುಡುಕಿದಾಗ

ಹುಡುಗರಿಗೆ ಶರಣರ ಕಾಲಾನುಕ್ರಮ ತೋರಿಸೋಣವೆಂದು ಫೋನಿನಲ್ಲಿ ‘ಕಲ್ಯಾಣ’, ‘ಚಾರ್ಟ್’ ಎಂಬೆರಡು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ ಹುಡುಕಿದೆ. ಅನುಭವ ಮಂಟಪ ಬರಲಿಲ್ಲ. ಅಂಕಿಗಳ ಸಾಲು ಬಂತು. ಪ್ಯಾನೆಲ್, ಜೋಡಿ, ಇವತ್ತಿನ ಶುಭ ಅಂಕ. ಅದು ಮಟ್ಕಾ. ಆದರೆ ‘ಜೂಜು’ ಎಂಬ ಪದ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯವರಿಗೆ ಈ ಮರೆಮಾತು ಹೊಸದಲ್ಲ. ನಮ್ಮಲ್ಲಿ ಮಟ್ಕಾಕ್ಕೆ ‘ಓಸಿ’ ಎನ್ನುತ್ತಾರೆ. ಓಪನ್, ಕ್ಲೋಸ್‌ಗಳ ಮೊದಲಕ್ಷರ. ಸಿರುಗುಪ್ಪದ ಬಸ್ಸಿನಲ್ಲಿ ಒಬ್ಬ ‘ಏನ್ ಬಂತಣ್ಣ?’ ಎಂದರೆ ಇನ್ನೊಬ್ಬ ‘ಓಪನ್ ಆರು’ ಎನ್ನುತ್ತಾನೆ. ಪಕ್ಕದವರಿಗೆ ಅದು ಅಂಗಡಿ ಬಾಗಿಲು ತೆರೆಯುವ ಹೊತ್ತು.

ಪದದ ಬೇರು ಹತ್ತಿಯಲ್ಲಿದೆ. ನ್ಯೂಯಾರ್ಕಿನಿಂದ ಮುಂಬಯಿಗೆ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಅದು ನಿಂತಿತು. 1962ರಲ್ಲಿ ಕಲ್ಯಾಣಜಿ ಭಗತ್ ವರ್ಲಿಯಲ್ಲಿ ಅಂಕಿ ಎತ್ತುವ ಆಟ ಶುರುಮಾಡಿದ. ‘ಕಲ್ಯಾಣ್’ ಅವನ ಹೆಸರಿನದು. ಹತ್ತಿ ಬೆಳೆಯುವ ನಮ್ಮ ಎರೆನೆಲಕ್ಕೆ ಆ ಮಾತು ಹತ್ತಿಯ ನೆನಪೇ ಇಲ್ಲದೆ ಬಂದು ಸೇರಿತು.

ಮಾತನ್ನು ಮರೆಮಾಡುವುದೇ ತಪ್ಪೆಂದು ಸಾಹಿತ್ಯದ ಓದುಗರು ಹೇಳಲಾರೆವು. ಬೆಡಗಿನ ವಚನಗಳನ್ನು ಓದಿ ಬೆಳೆದವರು ನಾವು. 1989ರ ಜೂನ್ 4ರ ತಿಯಾನನ್‌ಮೆನ್ ಹತ್ಯೆಗಳನ್ನು ನೆನೆಯಲು ಚೀನಾದ ಜನ ‘ಮೇ 35’ ಎಂದು ಬರೆದರು. ಸಾವನ್ನು ಹೆಸರಿಸಿದರೆ ವಿಡಿಯೊ ಮರೆಯಾದೀತೆಂದು ‘ಅನ್‌ಅಲೈವ್’ ಎನ್ನುವವರಿದ್ದಾರೆ. ಬೆಡಗಿಗೆ ಒಗಟು ಬಿಡಿಸುವ ಓದುಗ ಬೇಕು. ‘ಮೇ 35’ಕ್ಕೆ ನೆನಪಿಟ್ಟ ಜನ ಬೇಕು. ಓಸಿಗೆ ಬೇಕಾದದ್ದು ದುಡ್ಡು ಕಟ್ಟುವವನು ಮಾತ್ರ. ಉಪಾಯ ಒಂದೇ, ಯಾರಿಂದ ಮುಚ್ಚಿಡುತ್ತಾರೆ, ಯಾತಕ್ಕೆ ಎಂಬುದರಲ್ಲಿ ವ್ಯತ್ಯಾಸ.

ಪದಪಟ್ಟಿ ಹಿಡಿದು ಸೋಸುವ ಯಂತ್ರಕ್ಕೆ ಈ ವ್ಯತ್ಯಾಸ ಕಾಣದು. ‘ಕಲ್ಯಾಣ್’ ತಡೆದರೆ ಹನ್ನೆರಡನೆಯ ಶತಮಾನದ ಕಲ್ಯಾಣವೂ, 2019ರಲ್ಲಿ ಕಲ್ಯಾಣ ಕರ್ನಾಟಕವಾದ ನಮ್ಮ ಸೀಮೆಯೂ, ಮದುವೆ ಮಂಟಪವೂ ಸಿಕ್ಕಿಬೀಳುತ್ತವೆ. ‘ಓಸಿ’ ತಡೆದರೆ ಮನೆ ಕಟ್ಟಿದವರ ಸ್ವಾಧೀನ ಪತ್ರ ಹೋಗುತ್ತದೆ. ಆಟದವರು ಅಷ್ಟರಲ್ಲಿ ಬೇರೆ ಪದಕ್ಕೆ ದಾಟಿರುತ್ತಾರೆ. ಏನನ್ನೂ ತಡೆಯದಿದ್ದರೆ ಬಾಜಿಯಲ್ಲಿ ಹೋಗುವುದು ದಿನದ ಕೂಲಿ.

ಹಾಗಾಗಿ ಆ ಜರಡಿಯ ಹಿಂದೆ ಬಳ್ಳಾರಿಯ ಬಸ್ಸು ಹತ್ತಿಳಿದ, ವಚನವನ್ನೂ ಓದಿದ ಕನ್ನಡಿಗರು ಕೂತಿರಬೇಕು. ಸಂದರ್ಭ ನೋಡಿ ಅರ್ಥ ಹೇಳುವುದು ವಿಮರ್ಶೆಯ ಹಳೆಯ ಕಸುಬು. ಆ ಚಾರ್ಟನ್ನು ಕೊನೆಗೆ ನಾನೇ ಕೈಯಲ್ಲಿ ಬರೆದೆ. ಗೋಡೆಗೆ ಅಂಟಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆಬರಹ ನೋಡಿ ನಕ್ಕ. ಯಾಕೆಂದು ನಾನು ಕೇಳಲಿಲ್ಲ, ಕೇಳಬೇಕಿತ್ತು.