ಕೈ ತೊಳೆದುಕೊಂಡ ಹ್ಯಾರಿ

1971ರ ‘ಡರ್ಟಿ ಹ್ಯಾರಿ’ಯನ್ನು ಅಮೆರಿಕದ ಚಿತ್ರವಿಮರ್ಶಕಿ ಪಾಲಿನ್ ಕೇಲ್ ಫ್ಯಾಸಿಸ್ಟ್ ಚಿತ್ರವೆಂದು ಜಾಡಿಸಿದ್ದರು. 1973ರ ‘ಮ್ಯಾಗ್ನಮ್ ಫೋರ್ಸ್’ ಆ ಟೀಕೆಗೆ ಕೊಟ್ಟ ಉತ್ತರವೆಂದು ಹೇಳುವುದು ಈಗ ವಾಡಿಕೆ. ಕೋರ್ಟು ಬಿಟ್ಟುಬಿಟ್ಟ ಅಪರಾಧಿಗಳನ್ನು ತಾವೇ ಮುಗಿಸುವ ಪೊಲೀಸರ ವಿರುದ್ಧ ಈ ಸಲ ನಾಯಕ, ಪೊಲೀಸ್ ಅಧಿಕಾರಿ ಹ್ಯಾರಿ ನಿಲ್ಲುತ್ತಾನಲ್ಲ, ಇನ್ನೇನು ಬೇಕು ಎಂಬ ಧಾಟಿ. ಸ್ವತಃ ಕೇಲ್ ಈ ಚಿತ್ರದಿಂದಲೂ ಸಮಾಧಾನಗೊಳ್ಳಲಿಲ್ಲ. ಅವರ ಪರವಾಗಿ ಉತ್ತರ ಒಪ್ಪಿಕೊಂಡವರು ಯಾರೋ! ಹಿಂದಿನ ಚಿತ್ರದ ಕೊನೆಗೆ ಹ್ಯಾರಿ ಪೊಲೀಸ್ ಬಿಲ್ಲೆಯನ್ನು ನೀರಿಗೆಸೆದಿದ್ದ. ಇಲ್ಲಿ ಅದರ ಬಗ್ಗೆ ಚಕಾರವಿಲ್ಲ, ನೇರ ಡ್ಯೂಟಿಗೆ ಹಾಜರು.

ಟೆಡ್ ಪೋಸ್ಟ್ ನಿರ್ದೇಶನದ ಕಸುವು ಮೊದಲ ಕೊಲೆಯಲ್ಲಿದೆ. ಕೋರ್ಟಿನಲ್ಲಿ ಖುಲಾಸೆಯಾದ ಗ್ಯಾಂಗ್‌ಸ್ಟರ್ ರಿಕ್ಕಾನ ಕಾರನ್ನು ಬೈಕಿನ ಟ್ರಾಫಿಕ್ ಪೊಲೀಸನೊಬ್ಬ ತಡೆಯುತ್ತಾನೆ. ಹೆಲ್ಮೆಟ್, ಕಪ್ಪು ಕನ್ನಡಕ, ವಿನಯದ ಮಾತು. ಮರುಗಳಿಗೆ ಒಳಗಿದ್ದವರೆಲ್ಲ ಹೆಣ. ದಿನನಿತ್ಯದ ತಪಾಸಣೆಯೇ ಕೊಲೆಯಾಗುವ ಈ ದೃಶ್ಯದಲ್ಲಿ ನಮಗೆ ಭಯವೂ ಆಗುತ್ತದೆ, ಒಳಗೊಳಗೇ ತೃಪ್ತಿಯೂ ಆಗುತ್ತದೆ. ಆ ಮುಜುಗರವನ್ನು ಹಿಡಿದು ಮುಂದೆ ಹೋಗಿದ್ದರೆ ಇದು ದೊಡ್ಡ ಚಿತ್ರವಾಗುತ್ತಿತ್ತು. ಆದರೆ ಈಜುಕೊಳದ ಹತ್ಯೆಯಲ್ಲಿ ಪಾರ್ಟಿಗೆ ಬಂದವರೂ ಸಾಯುತ್ತಾರೆ. ಆಮೇಲೆ, ಎದುರು ಸಿಕ್ಕ ತಪ್ಪಿಗೆ ಹ್ಯಾರಿಯ ಹಳೆಯ ಗೆಳೆಯ ಮೆಕಾಯ್. ಅಲ್ಲಿಗೆ ನಮ್ಮ ಮುಜುಗರ ಮಾಯ. ತಪ್ಪಿತಸ್ಥರನ್ನಷ್ಟೇ ಕೊಂದಿದ್ದರೆ ಏನನ್ನಬೇಕಿತ್ತು ಎಂಬ ಪ್ರಶ್ನೆಯನ್ನು ಚಿತ್ರಕಥೆ ಬರೆದ ಜಾನ್ ಮಿಲಿಯಸ್, ಮೈಕೆಲ್ ಸಿಮಿನೋ ಕೇಳಿಕೊಳ್ಳುವುದೇ ಇಲ್ಲ. ವಿಮಾನ ಅಪಹರಣ, ಅಂಗಡಿ ದರೋಡೆ ಇತ್ಯಾದಿ ಕಾಲಕ್ಷೇಪದ ಮಾತು ಬಿಡಿ.

ವಿಮರ್ಶಕರು ಎತ್ತಿ ಹಿಡಿಯುವುದು ಗ್ಯಾರೇಜಿನ ದೃಶ್ಯವನ್ನು. ಬೈಕುಗಳ ಮೇಲೆ ಕೊಲೆಗಾರ ಪೊಲೀಸ್ ಗುಂಪಿನ ಮೂವರು ಹುಡುಗರು, ಒಂದೇ ವೇಷ. ನಮ್ಮ ಜೊತೆಗಿರುತ್ತೀಯೋ ಎದುರು ನಿಲ್ಲುತ್ತೀಯೋ ಎಂದು ಹ್ಯಾರಿಯನ್ನು ಕೇಳುತ್ತಾರೆ. ಅವರು ಯಾರು? ಮೊದಲ ಚಿತ್ರಕ್ಕೆ ಶಿಳ್ಳೆ ಹೊಡೆದ ಅಭಿಮಾನಿಗಳೇ ಸಮವಸ್ತ್ರ ತೊಟ್ಟು ನಾಯಕನ ಮುಂದೆ ಬಂದು ನಿಂತಂತಿದೆ. ಎಂಥ ಸಂದರ್ಭ! ನೀವು ನನ್ನನ್ನು ತಪ್ಪಾಗಿ ತಿಳಿದಿದ್ದೀರಿ ಎಂಬರ್ಥದ ಒಂದು ಸಾಲು ಹೇಳಿ ಹ್ಯಾರಿ ಮುಗಿಸುತ್ತಾನೆ. ಎಲ್ಲಿ ತಪ್ಪಾಗಿ ತಿಳಿದರು ಎಂದು ಅವರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಹ್ಯಾರಿಯ ಪಾತ್ರಧಾರಿ ಕ್ಲಿಂಟ್ ಈಸ್ಟ್‌ವುಡ್‌ನ ಗಡಸು ಮೌನ ಇಲ್ಲಿ ನಟನೆಯಾಗಿ ಒಪ್ಪುತ್ತದೆ, ವಾದವಾಗಿ ನಿಲ್ಲುವುದಿಲ್ಲ. ಅದನ್ನೇ ನೈತಿಕ ನಿಲುವು ಎಂದು ಬರೆದವರು ಗಡಸುತನಕ್ಕೆ ಮರುಳಾದವರು.

ವಾದವೆಂಬುದು ಬರುವುದು ತಡವಾಗಿ, ಕಾರಿನಲ್ಲಿ. ಗುಂಪಿನ ಸೂತ್ರಧಾರ, ಹ್ಯಾರಿಯ ಮೇಲಧಿಕಾರಿ ಬ್ರಿಗ್ಸ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರು ವರ್ಷದ ಹಿಂದೆ ಜನ ಕಾನೂನನ್ನು ಕೈಗೆತ್ತಿಕೊಂಡು ಮಾಡಿದ್ದೂ ಇದನ್ನೇ ಎನ್ನುತ್ತಾನೆ. ಬ್ರಿಗ್ಸ್ ಪಾತ್ರದ ಹಾಲ್ ಹೋಲ್‌ಬ್ರೂಕ್ ಇದನ್ನು ಆಡಳಿತದ ಸುತ್ತೋಲೆ ಓದುವಷ್ಟು ಸಲೀಸಾಗಿ ಹೇಳುವುದೇ ಚೆಂದ. ವ್ಯವಸ್ಥೆಯನ್ನು ದ್ವೇಷಿಸಿದರೂ, ಇದಕ್ಕಿಂತ ಒಳ್ಳೆಯದು ಬರುವವರೆಗೆ ಇದರಲ್ಲೇ ಇರುತ್ತೇನೆಂದು ಹ್ಯಾರಿಯ ಜವಾಬು. ಚಿತ್ರದ ಪರ ವಕಾಲತ್ತು ವಹಿಸುವವರು ಇಲ್ಲಿಗೇ ಪುಸ್ತಕ ಮಡಚುತ್ತಾರೆ. ಆದರೆ ಕೊನೆಯ ದೃಶ್ಯದಲ್ಲಿ ಬ್ರಿಗ್ಸ್ ಹ್ಯಾರಿಯನ್ನು ಕೊಲ್ಲುವುದಿಲ್ಲ. ಹ್ಯಾರಿ ನಂಬಿದ ವ್ಯವಸ್ಥೆಯ ಪ್ರಕಾರವೇ ಕೋರ್ಟಿಗೆಳೆಯುತ್ತೇನೆಂದು ಕಾರು ಹತ್ತುತ್ತಾನೆ. ಅದರಲ್ಲಿದ್ದ ಬಾಂಬಿಗೆ ಚಾಲನೆ ಕೊಟ್ಟವನು ಹ್ಯಾರಿ.