ಕಿರುದೊರೆಯ ಬೊಕ್ಕಸ

ರಾಜ್ಯದ ಏಳು ಅಂಗಗಳನ್ನು ಎಣಿಸುವಾಗ ಕೌಟಿಲ್ಯನು ಸ್ವಾಮಿ, ಅಮಾತ್ಯರ ತರುವಾಯ ಜನಪದವನ್ನೂ ದುರ್ಗವನ್ನೂ ಹೇಳಿ, ಆಮೇಲೆ ಕೋಶವನ್ನು ಹೇಳಿದ್ದಾನೆ. ಈ ಕ್ರಮವು ಬರಿಯ ಎಣಿಕೆಯಲ್ಲ. ಮೊದಲು ಹೇಳಿದ ಅಂಗದ ವ್ಯಸನವು ತರುವಾಯ ಹೇಳಿದುದರ ವ್ಯಸನಕ್ಕಿಂತ ಗುರುತರವೆಂಬುದು ಆತನ ಸಿದ್ಧಾಂತ. ಬೊಕ್ಕಸ ಬರಿದಾದರೆ ಸೇನೆ ನಿಲ್ಲದು. ನಾಡು ಬರಿದಾದರೆ ಬೊಕ್ಕಸವೇ ನಿಲ್ಲದು. ರಾಜನೀತಿಯನ್ನು ವಸ್ತುವಾಗಿ ಉಳ್ಳ ಕೃತಿಯು ಕಾವ್ಯವಾಗಲಿ, ನಾಟಕವಾಗಲಿ, ಕ್ರೀಡೆಯಾಗಲಿ, ಅದನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆಯವರು ರಚಿಸಿದ ‘ಕ್ರುಸೇಡರ್ ಕಿಂಗ್ಸ್’ ಎಂಬ ಗಣಕಯಂತ್ರದ ಕ್ರೀಡೆಯು ಅಂಥದೊಂದು ಕೃತಿ. ಇದರ ಮೊದಲ ಭಾಗ 2004ರಲ್ಲಿಯೂ, ಎರಡನೆಯದು 2012ರಲ್ಲಿಯೂ, ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಮೂರನೆಯದು 2020ರಲ್ಲಿಯೂ ಹೊರಬಂದುವು. ಆಡುವವನು ಮಧ್ಯಯುಗದ ಒಬ್ಬ ಅರಸನ ಪಾತ್ರವನ್ನು ವಹಿಸಿ, ಅವನು ಸತ್ತ ಮೇಲೆ ಅವನ ಉತ್ತರಾಧಿಕಾರಿಯಾಗಿ, ಹೀಗೆ ತಲೆಮಾರುಗಳ ಕಾಲ ರಾಜ್ಯವನ್ನು ನಡೆಸಬೇಕು. ಹೊಸಬರಿಗೆ ಪಾಠ ಹೇಳಲು ಕರ್ತೃಗಳು ಚಕ್ರವರ್ತಿಯೊಬ್ಬನನ್ನು ಆರಿಸದೆ, 1066ರಲ್ಲಿ ಐರ್ಲೆಂಡಿನ ಮನ್‌ಸ್ಟರ್ ಪ್ರಾಂತವನ್ನು ಆಳುವ ಮುರ್ಚಾಡ್ ಎಂಬ ಕಿರುದೊರೆಯನ್ನು ಆರಿಸಿದ್ದಾರೆ. ಈ ಆಯ್ಕೆ ಉಚಿತವಾದುದು. ಹಿರಿಯ ಅರಸನ ತಪ್ಪನ್ನು ಅವನ ಸಂಪತ್ತು ಕೆಲಕಾಲ ಮುಚ್ಚೀತು. ಕಿರಿಯ ಅರಸನ ತಪ್ಪು ತಿಂಗಳ ಲೆಕ್ಕದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಕೃತಿಯ ಗುಣವನ್ನು ಮೊದಲು ಹೇಳತಕ್ಕದ್ದು. ತೆರೆಯ ಮೇಲ್ಗಡೆ ಬೊಕ್ಕಸದ ಹೊನ್ನೂ ತಿಂಗಳ ಉಳಿತಾಯವೂ ಸದಾ ಕಾಣುತ್ತಿರುತ್ತವೆ. ಪಡೆಯನ್ನು ಒಟ್ಟುಗೂಡಿಸಿದ ಕೂಡಲೆ ವೆಚ್ಚವು ಏರಿ, ಉಳಿತಾಯವಿದ್ದಲ್ಲಿ ಕೊರತೆ ತೋರುತ್ತದೆ. ಹೊನ್ನು ತೀರಿ ಸಾಲ ಬಿದ್ದರೆ ಸೇನೆಯ ಕಸುವು ಕುಗ್ಗುತ್ತದೆ. ಆದಕಾರಣ, ದಂಡೆತ್ತುವ ಮುನ್ನ ಯುದ್ಧವು ಎಷ್ಟು ತಿಂಗಳು ನಡೆದೀತೆಂದು ಎಣಿಸದ ದೊರೆ, ಕಾಳಗದಲ್ಲಿ ಗೆಲ್ಲುತ್ತಿರುವಾಗಲೇ ಬೊಕ್ಕಸದಲ್ಲಿ ಸೋಲುತ್ತಾನೆ. ದಂಡಕ್ಕೆ ಕೋಶವೇ ಮೂಲವೆಂಬ ಶಾಸ್ತ್ರಾರ್ಥವನ್ನು ಆಡುವವನು ಅನುಭವದಿಂದಲೇ ಕಲಿಯುತ್ತಾನೆ.

ಇದಕ್ಕಿಂತಲೂ ಮೇಲಾದ ಸ್ಥಳವೊಂದುಂಟು. ಅರಸನ ಆದಾಯವನ್ನು ನೋಡಿಕೊಳ್ಳುವ ಮಂತ್ರಿಯನ್ನು ಅರ್ಥಶಾಸ್ತ್ರದ ಸಮಾಹರ್ತೃವಿಗೆ ಹೋಲಿಸಬಹುದು. ಇವನು ಏಕಕಾಲದಲ್ಲಿ ಒಂದೇ ಕೆಲಸವನ್ನು ಮಾಡಬಲ್ಲನು: ತೆರಿಗೆಯನ್ನು ಹೆಚ್ಚಾಗಿ ತರುವುದು, ಒಂದು ಸೀಮೆಯಲ್ಲಿ ಅರಸನ ಸಂಸ್ಕೃತಿಯನ್ನು ಹರಡುವುದು, ಇಲ್ಲವೆ ಸೀಮೆಯ ಏಳಿಗೆಗಾಗಿ ದುಡಿಯುವುದು. ತೆರಿಗೆಯ ಫಲ ಈ ತಿಂಗಳೇ ಕೈಗೆ ಬರುತ್ತದೆ. ಏಳಿಗೆಯು ವರ್ಷಗಳ ಮೇಲೆ ಮೆಲ್ಲನೆ ಮೂಡಿ, ಅದರ ಪೂರ್ಣಫಲವನ್ನು ಹಲವು ವೇಳೆ ಮಗನೇ ಉಣ್ಣುತ್ತಾನೆ. ಕೋಶಕ್ಕೂ ಜನಪದಕ್ಕೂ ಇರುವ ಹೋರಾಟವನ್ನು ಒಬ್ಬನೇ ಅಧಿಕಾರಿಯ ಕೆಲಸದಲ್ಲಿ ಅಡಗಿಸಿದ ಈ ಕಲ್ಪನೆ ಪ್ರಶಂಸಾರ್ಹವಾದುದು.

ಇಷ್ಟು ಬಲ್ಲ ಕೃತಿಯು ಮುಂದೆ ಎಡವಿದೆ. ಹೊನ್ನು ಬೇಗ ಕೂಡುವ ದಾರಿಗಳು ಬೇರೆ ಇವೆ. ಕಾಳಗದಲ್ಲಿ, ಇಲ್ಲವೆ ಮುತ್ತಿದ ಕೋಟೆಯಲ್ಲಿ, ಸೆರೆಸಿಕ್ಕ ಶ್ರೀಮಂತರಿಂದ ಬಿಡುಗಡೆಯ ಹಣವನ್ನು ಪಡೆಯಬಹುದು; ಕ್ಯಾಥೊಲಿಕ್ ಅರಸನಾದರೆ, ಗಳಿಸಿದ ಧರ್ಮಶ್ರದ್ಧೆಯ ಅಂಕಗಳನ್ನು ವ್ಯಯಮಾಡಿ ಪೋಪನಿಂದ ಹೊನ್ನನ್ನು ಬೇಡಬಹುದು. ಬೇಗ ಬರುವುದೇ ದೋಷವೆಂದು ಹೇಳಲಾಗದು. ಆ ಹೊನ್ನು ಒಂದು ಬೊಕ್ಕಸದಿಂದ ಇನ್ನೊಂದಕ್ಕೆ ಹಾಯುವುದೇ ಹೊರತು ಯಾವ ಒಕ್ಕಲಿನ ಕಣಜವನ್ನೂ ಮುಟ್ಟುವುದಿಲ್ಲವೆಂಬುದು ದೋಷ. ಪ್ರಜೆಗಳ ಮನಸ್ಸನ್ನು ಸೂಚಿಸುವ ಅಂಕವೊಂದು ಕ್ರೀಡೆಯಲ್ಲಿದೆ, ದಂಗೆಯೂ ಇದೆ. ಆದರೆ ಅರಸನು ಬಿಡುಗಡೆಗಾಗಿ ಹಣ ತೆತ್ತನೆಂಬ ಕಾರಣದಿಂದ ಆ ಅಂಕವು ಕದಲುವುದಿಲ್ಲ.

ಸೆರೆಯವರಿಂದ ಹಣ ಪಡೆಯುವುದು ಆ ಯುಗದ ನಡವಳಿಯೇ ಅಲ್ಲವೆ ಎಂದು ಪೂರ್ವಪಕ್ಷ ಬರಬಹುದು. ಅದು ನಿಜ, ಆದರೆ ಚರಿತ್ರೆಯೇ ಇದಕ್ಕೆ ಸಮಾಧಾನವನ್ನು ಹೇಳುತ್ತದೆ. ಇಂಗ್ಲೆಂಡಿನ ಒಂದನೆಯ ರಿಚರ್ಡನು 1192ರಲ್ಲಿ ಆಸ್ಟ್ರಿಯದಲ್ಲಿ ಸೆರೆಸಿಕ್ಕಿ, 1194ರಲ್ಲಿ ಬಿಡುಗಡೆ ಹೊಂದಿದನು. ಗೊತ್ತುಮಾಡಿದ ಹಣ 1,50,000 ಮಾರ್ಕು. ಅದಕ್ಕಾಗಿ ಪ್ರಜೆಗಳ ಆದಾಯದಲ್ಲಿಯೂ ಚರಸ್ವತ್ತಿನಲ್ಲಿಯೂ ಕಾಲುಪಾಲನ್ನು ಕೇಳಿದರು. ಸಿಸ್ಟರ್ಸಿಯನ್ ಮಠಗಳ ಉಣ್ಣೆಯನ್ನೂ ಚರ್ಚುಗಳ ಬೆಳ್ಳಿಬಂಗಾರದ ಪಾತ್ರೆಗಳನ್ನೂ ತೆಗೆದುಕೊಂಡರು. ಸೆರೆಯಲ್ಲಿದ್ದವನು ಒಬ್ಬ, ತೆತ್ತದ್ದು ಇಡೀ ನಾಡು.

ಕೌಟಿಲ್ಯನೂ ಬೊಕ್ಕಸ ಬರಿದಾದ ಅರಸನಿಗೆ ದಾರಿ ತೋರಿಸದೆ ಇಲ್ಲ. ಪ್ರಜೆಗಳನ್ನು ಹೆಚ್ಚಿನ ಪಾಲಿಗಾಗಿ ಬೇಡುವುದಕ್ಕೆ ಆತನು ಕೊಟ್ಟ ಹೆಸರು ‘ಪ್ರಣಯ’; ಅದನ್ನು ಒಮ್ಮೆ ಮಾತ್ರ ಪ್ರಯೋಗಿಸಬೇಕೆಂದು ಕಟ್ಟುಮಾಡಿದ್ದಾನೆ. ಆಪತ್ಕಾಲದಲ್ಲಿಯೂ ತೆರುವವನನ್ನು ಆತನು ಮರೆತಿಲ್ಲ. ಕ್ರೀಡೆಯ ಭೂಪಟದಲ್ಲಿ ಭಾರತವೂ ಸೇರಿರುವುದರಿಂದ ಕನ್ನಡನಾಡಿನ ಸಾಕ್ಷ್ಯವನ್ನೂ ಹೇಳಬಹುದು. 1066 ಎಂದರೆ ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲ. ಆ ವಂಶದ ಆಳ್ವಿಕೆಯ ಶಾಸನಗಳು ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳನ್ನು ಹೆಸರಿಟ್ಟು ಹೇಳಿ, ಅವುಗಳ ಉತ್ಪತ್ತಿಯನ್ನು ಯಾರು ಯಾವ ದೇಗುಲಕ್ಕೆ ಬಿಟ್ಟರೆಂಬುದನ್ನು ದಾಖಲಿಸುತ್ತವೆ. ಅಲ್ಲಿ ಹೊನ್ನಿಗೆ ಹುಟ್ಟಿದ ಊರೂ ಉಂಟು, ಸಲ್ಲುವ ಎಡೆಯೂ ಉಂಟು.

ಒಟ್ಟಿನ ಮೇಲೆ, ಹೊನ್ನು ಹೇಗೆ ವೆಚ್ಚವಾಗುವುದೆಂಬುದನ್ನು ಈ ಕೃತಿಯು ಚೆನ್ನಾಗಿ ಬಲ್ಲುದು; ಎಲ್ಲಿಂದ ಬರುವುದೆಂಬುದನ್ನು ಅರ್ಧ ಮಾತ್ರ ಬಲ್ಲುದು. ರಾಜನೀತಿಯ ಪಾಠಕ್ಕೆ ಇದನ್ನು ಉದಾಹರಿಸುವ ಅಧ್ಯಾಪಕನು ಆ ಮಂತ್ರಿಯ ಪ್ರಸಂಗವನ್ನು ತೋರಿಸಲಿ. ಬಿಡುಗಡೆಯ ಹಣದ ಪ್ರಸಂಗ ಬಂದಾಗ, ಇದನ್ನು ತೆತ್ತವರು ಯಾರೆಂದು ವಿದ್ಯಾರ್ಥಿಗಳನ್ನು ಕೇಳಲಿ.