ಸ್ಲಿಪ್ಪಿನ ದ್ರಾವಿಡ್

ರಾಹುಲ್ ದ್ರಾವಿಡ್ ಬಗ್ಗೆ ಬರೆಯುವವರೆಲ್ಲ 13,288 ಟೆಸ್ಟ್ ರನ್ನುಗಳಿಂದ ಶುರು ಮಾಡುತ್ತಾರೆ. ಹಿಡಿದ 210 ಕ್ಯಾಚುಗಳಿಗೆ ಕೊನೆಯಲ್ಲೊಂದು ಸಾಲು ಸಿಕ್ಕರೆ ಅದೇ ಹೆಚ್ಚು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಈ ಅಸಡ್ಡೆಗೆ ಕಾರಣವಾದರೂ ಇದೆ. ಇಲ್ಲಿ ಶಾಲೆ ಬಯಲಲ್ಲಿ, ಬೀಳುಬಿಟ್ಟ ಹೊಲದಲ್ಲಿ ನಡೆಯುವ ಆಟವೆಲ್ಲ ಟೆನಿಸ್ ಚೆಂಡಿನದು. ಸ್ಲಿಪ್ಪಿಗೆ ಒಬ್ಬನನ್ನು ನಿಲ್ಲಿಸಿದರೆ ಬೌಂಡರಿಗೆ ಒಬ್ಬ ಕಮ್ಮಿಯಾದ ಎಂದೇ ಲೆಕ್ಕ. ಆ ಕಸುಬನ್ನು ನಾವು ಕಂಡದ್ದು ಟಿವಿಯಲ್ಲಿ, ಅದೂ ರೀಪ್ಲೇಯಲ್ಲಿ.

ಕುಂಬ್ಳೆ ಬೌಲಿಂಗಿಗೆ ಮೊದಲ ಸ್ಲಿಪ್ಪಿನಲ್ಲಿ ನಿಂತ ದ್ರಾವಿಡ್‌ರನ್ನು ಹಳೆಯ ವಿಡಿಯೊಗಳಲ್ಲಿ ಗಮನಿಸಿ. ಮಂಡಿ ಮಡಿಸಿ ಕೂತ ಹಾಗೆ ನಿಲುವು, ಅಂಗೈ ನೆಲದ ಹತ್ತಿರ, ತಲೆ ಅಲುಗುವುದಿಲ್ಲ. ಕುಂಬ್ಳೆ ಎಸೆತ ಸ್ಪಿನ್ನರಿನದಾದರೂ ಗಾಳಿಯಲ್ಲಿ ವೇಗ ಜಾಸ್ತಿ, ಪುಟಿತವೂ ಜಾಸ್ತಿ. ಅಂಚು ಸವರಿದ ಮೇಲೆ ಯೋಚಿಸಲು ಹೊತ್ತಿಲ್ಲ. ಬೇಗ ಎದ್ದವನಿಗೆ ತಗ್ಗಿನ ಕ್ಯಾಚು ತಪ್ಪಿತು. ದ್ರಾವಿಡ್ ಏಳುತ್ತಿರಲಿಲ್ಲ. ಕುಂಬ್ಳೆ ಬೌಲಿಂಗಿನಲ್ಲಿ 55, ಹರ್ಭಜನ್ ಬೌಲಿಂಗಿನಲ್ಲಿ 51 ಕ್ಯಾಚು: ಅರ್ಧಕ್ಕಿಂತ ಹೆಚ್ಚು ಈ ಇಬ್ಬರದೇ. ಕುಂಬ್ಳೆಯ 619 ವಿಕೆಟ್ಟುಗಳನ್ನು ಹೊಗಳುವಾಗ ಈ 55ನ್ನು ಯಾರೂ ಎತ್ತಿ ಹೇಳುವುದಿಲ್ಲ.

ಹಾಗಂತ 210 ಎಂಬ ಅಂಕಿಯನ್ನೇ ಪೂಜಿಸಬೇಕಾಗಿಲ್ಲ. 164 ಟೆಸ್ಟ್ ಆಡಿದವರಿಗೆ ಎಣಿಕೆ ಬೆಳೆಯಲೇಬೇಕು. ಹೆಲ್ಮೆಟ್ಟಿಲ್ಲದೆ ಶಾರ್ಟ್ ಲೆಗ್ಗಿನಲ್ಲಿ ನಿಂತ ಏಕನಾಥ್ ಸೋಲ್ಕರ್ 27 ಟೆಸ್ಟುಗಳಲ್ಲೇ 53 ಹಿಡಿದರು. ಮೇಲಾಗಿ ಕ್ರಿಕೆಟ್ಟಿನ ಸ್ಕೋರ್ ಪುಸ್ತಕ ಹಿಡಿದದ್ದನ್ನು ಬರೆಯುತ್ತದೆ, ಬಿಟ್ಟದ್ದನ್ನು ಬರೆಯುವುದಿಲ್ಲ. ಬೇಸ್‌ಬಾಲಿನಲ್ಲಿ ಫೀಲ್ಡರ್ ಕೈಯಿಂದ ಚೆಂಡು ಜಾರಿದರೆ ಅವನ ಹೆಸರಿಗೆ ‘ಎರರ್’ ಬೀಳುತ್ತದೆ, ನಿವೃತ್ತಿಯಾದರೂ ಅಳಿಯದು. ಅಂಥ ಪಟ್ಟಿ ನಮ್ಮಲ್ಲಿದ್ದರೆ ದ್ರಾವಿಡ್ ಹೆಸರಿನ ಮುಂದೆಯೂ ಸಾಕಷ್ಟು ಇರುತ್ತಿದ್ದವು, ಕೊನೆಯ ವರ್ಷಗಳಲ್ಲಿ ಮುಖ್ಯವಾಗಿ. ಸ್ಲಿಪ್ ಬಿಟ್ಟು ಈಚೆ ಬಂದರೆ ಅವರು ಸಾಧಾರಣ ಫೀಲ್ಡರ್. ಕೈಫ್, ಯುವರಾಜ್ ಹಾರಿ ಬೀಳುತ್ತಿದ್ದ ಕಡೆ ಅವರನ್ನು ಯಾರೂ ನಿಲ್ಲಿಸಲಿಲ್ಲ. 2003ರ ವಿಶ್ವಕಪ್ಪಿನಲ್ಲಿ ಗ್ಲೌಸು ತೊಟ್ಟದ್ದು ತಂಡಕ್ಕೆ ಒಬ್ಬ ಹೆಚ್ಚುವರಿ ಬ್ಯಾಟ್ಸ್‌ಮನ್ ಬೇಕಿದ್ದುದರಿಂದ. ಅದು ಜವಾಬ್ದಾರಿ, ಕಲೆಯಲ್ಲ.

2025ರ ಜುಲೈನಲ್ಲಿ ಜೋ ರೂಟ್ 211ನೇ ಕ್ಯಾಚು ಹಿಡಿದು ಈ 210ರ ದಾಖಲೆ ಮುರಿದರು. ದ್ರಾವಿಡ್ 1996ರಲ್ಲಿ ಮೊದಲ ಟೆಸ್ಟ್ ಆಡಿದ ಲಾರ್ಡ್ಸ್‌ನಲ್ಲೇ. ಔಟಾದವರು ಬೆಂಗಳೂರಿನಲ್ಲಿ ಆಡಿ ಬೆಳೆದ ಕರುಣ್ ನಾಯರ್, ಕಾಕತಾಳೀಯಕ್ಕೆ ಇಷ್ಟು ಸಾಕು! ರೂಟ್ ಹೆಚ್ಚಾಗಿ ವೇಗಿಗಳಿಗೆ, ದೂರದಲ್ಲಿ ನಿಂತು ಹಿಡಿದವರು. ಸ್ಪಿನ್ನಿಗೆ ಹತ್ತಿರ ನಿಲ್ಲುವ ಸ್ಲಿಪ್ಪಿನ ಮಾತಾದರೆ ದ್ರಾವಿಡ್‌ಗಿಂತ ಮೇಲೆ ನಾನಿಡುವುದು ಮುರಳೀಧರನ್ ಬೌಲಿಂಗಿಗೆ 77 ಹಿಡಿದ ಜಯವರ್ಧನೆ ಒಬ್ಬರನ್ನೇ.